ಒಂದು ರೂಪಾಯಿಗೆ 80: ಸೋಲು ಗೆಲುವಿಗೂ ಮೊದಲಿನ ಪ್ರಶ್ನೆ

ಪತ್ರಿಕೋದ್ಯಮದ ಓದು ಮುಗಿಸಿ ಜಿಲ್ಲಾ ಪುಟದ ಡೆಸ್ಕಿಗೆ ಬಂದ ಹೊಸಬರಿಗೆ ಸಿಗುವ ಮೊದಲ ಕೆಲಸ ಪೊಲೀಸ್ ಪ್ರಕಟಣೆಗಳನ್ನು ಸುದ್ದಿ ಮಾಡುವುದು. ನಮ್ಮಲ್ಲಿ ಹೆಚ್ಚಿನವರು ಕೈ ಪಳಗಿಸಿಕೊಂಡದ್ದು ಹಾಗೆಯೇ. ವಾರಕ್ಕೆರಡು ಬಾರಿಯಾದರೂ ಒಂದೇ ಅಚ್ಚಿನ ಪ್ರಕಟಣೆ ಬರುತ್ತಿತ್ತು. ಬಸ್ ನಿಲ್ದಾಣದ ಹತ್ತಿರವೋ ಸಂತೆ ಮೈದಾನದಲ್ಲೋ ಒಬ್ಬ ವ್ಯಕ್ತಿ, 1 ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ಸಾರ್ವಜನಿಕರಿಂದ ಹಣ ಪಡೆದು ಓಸಿ ಚೀಟಿ ಬರೆಯುತ್ತಿದ್ದ. ಅವನಿಂದ ನಗದು, ಮಟ್ಕಾ ಚೀಟಿ, ಒಂದು ಬಾಲ್ ಪೆನ್ನು ಜಪ್ತಿ. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78ರ ಅಡಿ ಪ್ರಕರಣ.

ಈ ಸುದ್ದಿಯನ್ನು ನಾವು ನೂರಾರು ಸಲ ಬರೆದಿದ್ದೇವೆ. ಆ '1ಕ್ಕೆ 80' ಎಂಬುದರ ಅರ್ಥವೇನು ಎಂದು ಕೂತು ಲೆಕ್ಕ ಹಾಕಿದ್ದು ಮಾತ್ರ ಇತ್ತೀಚೆಗೆ. ಹಾಗೆ ಲೆಕ್ಕ ಹಾಕುವಂತೆ ಮಾಡಿದವನು ನಮ್ಮ ಜೊತೆಯಲ್ಲೇ ಓದಿದ ಒಬ್ಬ ಗೆಳೆಯ. ಅವನು ಓಸಿ ಆಡುವವನಲ್ಲ. ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ. ಎರಡು ವರ್ಷದಲ್ಲಿ ತನ್ನ ಉಳಿತಾಯ, ಅಕ್ಕನ ಮದುವೆಗೆಂದು ಇಟ್ಟಿದ್ದ ಹಣದ ಒಂದು ಭಾಗ, ಎರಡನ್ನೂ ಕಳೆದುಕೊಂಡ. ನಾವು ಮಾತನಾಡಿಸಲು ಹೋದಾಗ ಅವನು ಹೇಳಿದ ಮಾತು: 'ಆಟ ನಾನು ಸರಿಯಾಗೇ ಆಡಿದ್ದೆ ಕಣ್ರೋ. ಎಲೆ ಬೀಳಲಿಲ್ಲ ಅಷ್ಟೆ.'

ಅವನು ಸುಳ್ಳು ಹೇಳುತ್ತಿರಲಿಲ್ಲ. ಸರಿಯಾಗಿ ಆಡಿಯೂ ಸೋಲಬಹುದು, ತಪ್ಪಾಗಿ ಆಡಿಯೂ ಗೆಲ್ಲಬಹುದು. ಹಾಗಾದರೆ ಜೂಜಿನಲ್ಲಿ ನೋಡಬೇಕಾದದ್ದು ಸೋಲು ಗೆಲುವನ್ನೋ, ಅದಕ್ಕೂ ಮೊದಲು ಮಾಡಿದ ತೀರ್ಮಾನವನ್ನೋ? ಈ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. ಅದನ್ನು ಓದಿದ ಮೇಲೆ ಗೆಳೆಯನ ಮಾತಿನಲ್ಲಿ ಎಷ್ಟು ನಿಜವಿದೆ, ಎಲ್ಲಿ ಮೋಸವಿದೆ ಎಂಬುದು ನಮಗೆ ಸ್ವಲ್ಪ ತಿಳಿಯಿತು.

ದ್ರೌಪದಿ ಕೇಳಿದ್ದೇನು

ನಮ್ಮೂರುಗಳಲ್ಲಿ ಜೂಜಿನ ಮಾತು ಬಂದರೆ ಮೊದಲು ನೆನಪಾಗುವವನು ಧರ್ಮರಾಯ. ಗದುಗಿನ ಭಾರತದ ವಾಚನ ಕೇಳಿದವರಿಗೂ, ಬಯಲಾಟ ನೋಡಿದವರಿಗೂ ಆ ಸಭೆ ಗೊತ್ತು. ರಾಜ್ಯ, ತಮ್ಮಂದಿರು, ತಾನು, ಕೊನೆಗೆ ಹೆಂಡತಿ, ಎಲ್ಲವನ್ನೂ ಒಡ್ಡಿ ಸೋತ. ಆದರೆ ಆ ಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯನ್ನು ಮತ್ತೊಮ್ಮೆ ಗಮನಿಸಿ. 'ಯಾಕೆ ಸೋತೆ' ಎಂದು ಅವಳು ಕೇಳಲಿಲ್ಲ. ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ಕೇಳಿ ಕಳಿಸಿದಳು. ತನ್ನನ್ನೇ ಸೋತವನಿಗೆ ನನ್ನನ್ನು ಪಣವಾಗಿ ಒಡ್ಡುವ ಹಕ್ಕು ಎಲ್ಲಿಯದು ಎಂಬುದು ಆ ಪ್ರಶ್ನೆಯ ಸಾರ.

ಅಂದರೆ ಅವಳು ದಾಳ ಹೇಗೆ ಬಿತ್ತು ಎಂಬುದರ ಹಿಂದೆ ಹೋಗಲಿಲ್ಲ, ದಾಳ ಉರುಳುವ ಮೊದಲಿನ ಗಳಿಗೆಯ ಬಗ್ಗೆ ಕೇಳಿದಳು. ಪಾಂಡವರು ಆ ಆಟ ಗೆದ್ದಿದ್ದರೂ ಆ ಪಣ ತಪ್ಪೇ ಆಗಿರುತ್ತಿತ್ತು. ಭೀಷ್ಮರು ಉತ್ತರ ಹೇಳಲಾರದೆ ತಡವರಿಸಿದರು. ಪಣವೇ ಸಲ್ಲದು ಎಂದು ಎದ್ದು ಹೇಳಿದವನು ದುರ್ಯೋಧನನ ತಮ್ಮ ವಿಕರ್ಣ, ಗೆದ್ದ ಪಕ್ಷದವನು.

ಅದೇ ಮಹಾಭಾರತದ ವನಪರ್ವದಲ್ಲಿ ಇನ್ನೊಬ್ಬ ಜೂಜುಗಾರ ರಾಜನ ಕಥೆ ಬರುತ್ತದೆ. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಪರಿಚಿತನಾದ ನಳ. ಪುಷ್ಕರನೊಡನೆ ಆಡಿ ಎಲ್ಲವನ್ನೂ ಕಳೆದುಕೊಂಡ ನಳ, ವೇಷ ಮರೆಸಿಕೊಂಡು ಋತುಪರ್ಣ ರಾಜನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಋತುಪರ್ಣ ಒಂದು ವಿಭೀತಕ ಮರವನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆ ಎಂದು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿ. ಈ ವಿದ್ಯೆ ನಿನಗೆ ಹೇಗೆ ಬಂತು ಎಂದು ಕೇಳಿದಾಗ ಋತುಪರ್ಣ, ದಾಳದ ಮರ್ಮವೂ ಎಣಿಕೆಯ ವಿದ್ಯೆಯೂ ತನಗೆ ಗೊತ್ತು ಎನ್ನುತ್ತಾನೆ. ಕುದುರೆ ಓಡಿಸುವ ವಿದ್ಯೆಗೆ ಬದಲಾಗಿ ನಳ ಅದನ್ನು ಕಲಿಯುತ್ತಾನೆ. ಕಲಿತ ಕೂಡಲೇ ಅವನನ್ನು ಹಿಡಿದಿದ್ದ ಕಲಿ ಮೈಬಿಟ್ಟು ಹೋಗುತ್ತಾನೆ.

ವಿಭೀತಕ ಎಂದರೆ ನಮ್ಮ ತಾರೆ ಮರ. ತ್ರಿಫಲಾ ಚೂರ್ಣಕ್ಕೆ ಹಾಕುವ ಮೂರು ಕಾಯಿಗಳಲ್ಲಿ ತಾರೆಕಾಯಿ ಒಂದು. ವೇದಕಾಲದಲ್ಲಿ ಜೂಜಿನ ಕಾಯಿಯಾಗಿ ಬಳಸುತ್ತಿದ್ದದ್ದು ಇದನ್ನೇ. ಕೊಂಬೆ ನೋಡಿ ಕಾಯಿ ಅಂದಾಜು ಮಾಡುವುದಕ್ಕೂ ಜೂಜಿಗೂ ಏನೋ ನಂಟಿದೆ ಎಂದು ಆ ಕಥೆ ಹೇಳಿದವರಿಗೆ ಹೊಳೆದಿತ್ತು. ಅದೃಷ್ಟವನ್ನು ಬೈದುಕೊಳ್ಳುವ ಬದಲು ಎಣಿಸುವುದನ್ನು ಕಲಿ ಎಂಬ ಮಾತು ಅದರಲ್ಲಿದೆ.

ನಿಂತುಹೋದ ಆಟದ ಹಣ

ಎಣಿಕೆ ಗಣಿತವಾಗಿ ಬೆಳೆದದ್ದು ಯೂರೋಪಿನಲ್ಲಿ. ಇಟಲಿಯ ವೈದ್ಯ ಜೆರೊಲಾಮೊ ಕಾರ್ಡಾನೊ (1501-1576) ಸ್ವತಃ ಜೂಜಿನ ಹುಚ್ಚು ಹಿಡಿಸಿಕೊಂಡವನು. ಎರಡು ದಾಳ ಉರುಳಿಸಿದರೆ 36 ಬಗೆಯಲ್ಲಿ ಬೀಳಬಹುದು, ಬೇಕಾದದ್ದು ಅದರಲ್ಲಿ ಎಷ್ಟು ಬಗೆ ಎಂದು ಎಣಿಸಬೇಕು ಎಂಬ ದಾರಿಯನ್ನು ಅವನು ಹಿಡಿದಿದ್ದ. ಅವನ ಪುಸ್ತಕ ಅಚ್ಚಾದದ್ದು ಅವನು ಸತ್ತು 87 ವರ್ಷಗಳ ನಂತರ, 1663ರಲ್ಲಿ. ಜೂಜಿನಲ್ಲಿ ದೊಡ್ಡ ಲಾಭವೆಂದರೆ ಆಡದೆ ಇರುವುದು ಎಂಬರ್ಥದ ಮಾತನ್ನೂ ಅವನು ಅದರಲ್ಲಿ ಬರೆದಿಟ್ಟಿದ್ದ.

ಅಷ್ಟರಲ್ಲಿ, 1654ರಲ್ಲಿ, ಫ್ರಾನ್ಸಿನಲ್ಲಿ ಒಂದು ಪತ್ರ ವ್ಯವಹಾರ ನಡೆದಿತ್ತು. ಷೆವಲಿಯೆ ದ ಮೆರೆ ಎಂದು ಹೆಸರಾಗಿದ್ದ ಆಂಟ್ವಾನ್ ಗೊಂಬೊ ಎಂಬಾತ ಪ್ಯಾಸ್ಕಲ್ ಮುಂದೆ ಜೂಜಿನ ಕೆಲವು ಪ್ರಶ್ನೆಗಳನ್ನು ಇಟ್ಟ. ಪ್ಯಾಸ್ಕಲ್ ಅವುಗಳ ಬಗ್ಗೆ ಫರ್ಮಾಗೆ ಬರೆದ. ಅದರಲ್ಲಿ ಒಂದು ಪ್ರಶ್ನೆಯನ್ನು ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಕಬಡ್ಡಿ ಪಂದ್ಯಾವಳಿ ನಡೆಯುತ್ತಿದೆ. ಸರಿಸಮ ಬಲದ ಎರಡು ತಂಡಗಳು. ಮೊದಲು ಮೂರು ಪಂದ್ಯ ಗೆದ್ದವರಿಗೆ ಪೂರ್ತಿ ಹಣ. ಒಂದು ತಂಡ ಎರಡು ಗೆದ್ದಿದೆ, ಇನ್ನೊಂದು ಒಂದು ಗೆದ್ದಿದೆ. ಅಷ್ಟರಲ್ಲಿ ಜೋರು ಮಳೆ, ಆಟ ನಿಂತಿತು. ಹಣ ಹಂಚುವುದು ಹೇಗೆ?

ಪ್ಯಾಸ್ಕಲ್ ತೆಗೆದುಕೊಂಡ ಉದಾಹರಣೆಯಲ್ಲಿ ಇಬ್ಬರೂ ತಲಾ 32 ನಾಣ್ಯ ಹಾಕಿದ್ದಾರೆ, ಒಟ್ಟು 64. ಇನ್ನೊಂದು ಆಟ ನಡೆದಿದ್ದರೆ ಮುಂದಿದ್ದವನು ಗೆದ್ದು 64 ಒಯ್ಯುತ್ತಿದ್ದ, ಇಲ್ಲವೇ ಸೋತು ಇಬ್ಬರೂ ಸಮವಾಗಿ ತಲಾ 32ಕ್ಕೆ ಬರುತ್ತಿದ್ದರು. ಹೇಗಾದರೂ 32 ಅವನದೇ. ಉಳಿದ 32ಕ್ಕೆ ಇಬ್ಬರಿಗೂ ಸಮ ಅವಕಾಶ, ಆದ್ದರಿಂದ ಅರ್ಧ. ಅವನಿಗೆ 48, ಇನ್ನೊಬ್ಬನಿಗೆ 16.

ಇದರಲ್ಲಿ ಹೊಸದೇನು? ಇನ್ನೂ ನಡೆಯದ ಆಟಕ್ಕೆ, ಫಲಿತಾಂಶ ಗೊತ್ತಿಲ್ಲದ ಹೊತ್ತಿನಲ್ಲಿ, ಒಂದು ಬೆಲೆ ಕಟ್ಟಲು ಸಾಧ್ಯವಾಯಿತು. ಮೂರು ವರ್ಷದ ನಂತರ, 1657ರಲ್ಲಿ, ಡಚ್ ವಿಜ್ಞಾನಿ ಹಾಯ್ಗೆನ್ಸ್ ಇದನ್ನು ಪುಸ್ತಕವಾಗಿಸಿದ. ಆಮೇಲೆ ಒಬ್ಬನ ಪಂದ್ಯ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಫಲಿತಾಂಶಕ್ಕೆ ಕಾಯಬೇಕಾಗಿರಲಿಲ್ಲ.

ಚಹಾದಂಗಡಿಯಲ್ಲಿ ಗೆದ್ದವರೇ ಯಾಕೆ ಸಿಗುತ್ತಾರೆ

ಈ ಲೆಕ್ಕವನ್ನು ಓಸಿಗೆ ಹಚ್ಚಿ ನೋಡೋಣ. ಮಟ್ಕಾ ಹುಟ್ಟಿದ್ದು ಮುಂಬೈಯಲ್ಲಿ. ನ್ಯೂಯಾರ್ಕ್ ಹತ್ತಿ ಪೇಟೆಯಿಂದ ಬರುತ್ತಿದ್ದ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಜನ ಪಂದ್ಯ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಆ ಎರಡು ಪದಗಳ ಚಿಕ್ಕ ರೂಪವೇ ಓಸಿ. 1961ರಲ್ಲಿ ಆ ದರ ಬರುವುದು ನಿಂತಾಗ ಮಡಕೆಯಿಂದ ಚೀಟಿ ಎತ್ತುವ ಪದ್ಧತಿ ಶುರುವಾಯಿತು. ಹೆಸರು ಮಟ್ಕಾ ಎಂದೇ ನಿಂತಿತು.

00ಯಿಂದ 99ರವರೆಗೆ 100 ಸಂಖ್ಯೆಗಳು. ಒಂದಕ್ಕೆ ಮಾತ್ರ ಹಣ, 1 ರೂಪಾಯಿಗೆ 80. ನೂರು ಜನ ನೂರು ಸಂಖ್ಯೆಗೆ ತಲಾ 1 ರೂಪಾಯಿ ಕಟ್ಟಿದರೆ ಬುಕ್ಕಿಯ ಕೈಗೆ 100, ಅವನು ಕೊಡುವುದು 80. ಚೀಟಿ ಬರೆಸಿದ ಕ್ಷಣದಲ್ಲೇ ನಿಮ್ಮ ರೂಪಾಯಿ 80 ಪೈಸೆ ಆಗಿರುತ್ತದೆ. ಸಂಜೆ ಯಾವ ನಂಬರ್ ಬಂದರೂ ಈ ಮಾತು ಬದಲಾಗುವುದಿಲ್ಲ.

ಇಷ್ಟು ಸರಳವಾಗಿದ್ದರೆ ಜನ ಯಾಕೆ ಆಡುತ್ತಾರೆ? ನಾವೇ ಇನ್ನೊಂದು ಲೆಕ್ಕ ಹಾಕಿದೆವು. ಒಬ್ಬ ದಿನಕ್ಕೆ 50 ರೂಪಾಯಿಯಂತೆ ವರ್ಷಕ್ಕೆ 300 ದಿನ ಒಂದೊಂದು ನಂಬರ್ ಬರೆಸಿದ ಎನ್ನಿ. ಖರ್ಚು 15,000. ಒಮ್ಮೆ ನಂಬರ್ ಬಂದರೆ 4,000. ಇಂಥ ನೂರು ಜನರಲ್ಲಿ ಸುಮಾರು 95 ಮಂದಿ ವರ್ಷದಲ್ಲಿ ಒಮ್ಮೆಯಾದರೂ ಗೆಲ್ಲುತ್ತಾರೆ. ಸುಮಾರು 35 ಮಂದಿ ವರ್ಷದ ಕೊನೆಗೆ ಲಾಭದಲ್ಲೇ ಇರುತ್ತಾರೆ!

ಚಹಾದಂಗಡಿಯಲ್ಲಿ 'ನನಗೆ ಬಂತು' ಎನ್ನುವವರು ಅಷ್ಟೊಂದು ಮಂದಿ ಸಿಗುವುದು ಇದಕ್ಕೇ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದೇ ಆಟವನ್ನು ಹತ್ತು ವರ್ಷ ಮುಂದುವರಿಸಿದರೆ ನೂರರಲ್ಲಿ ಲಾಭದಲ್ಲಿ ಉಳಿಯುವವರು ಹತ್ತಕ್ಕಿಂತ ಕಡಿಮೆ. ತೀರ್ಮಾನ ಮೊದಲ ದಿನವೂ ಕೆಟ್ಟದ್ದೇ, ಹತ್ತನೇ ವರ್ಷವೂ ಕೆಟ್ಟದ್ದೇ. ಫಲಿತಾಂಶ ಮಾತ್ರ ಆ ನಿಜವನ್ನು ಒಪ್ಪಿಕೊಳ್ಳಲು ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮನೆಯ ಎಮ್ಮೆ ಮಾರಿ ಆಗಿರುತ್ತದೆ.

ಯಾರ ಹಣ, ಎಷ್ಟು ಹಣ

ಆಟ ಸಮಸಮವಾಗಿದ್ದರೆ? ಆಗಲೂ ಒಂದು ತೊಡಕಿದೆ. ಒಬ್ಬನ ಬಳಿ 1,000 ರೂಪಾಯಿ, ಎದುರಾಳಿಯ ಬಳಿ 1,00,000. ಪ್ರತಿ ಆಟಕ್ಕೂ ಸಮ ಪಣ, ಸಮ ಅವಕಾಶ, ಮೋಸವಿಲ್ಲ. ಒಬ್ಬನ ಕೈ ಬರಿದಾಗುವವರೆಗೆ ಆಡಿದರೆ ಚಿಕ್ಕ ಚೀಲದವನು ಬರಿಗೈಯಾಗುವ ಸಾಧ್ಯತೆ 101ರಲ್ಲಿ 100. ಕೆಟ್ಟ ದಿನಗಳನ್ನು ತಡೆದುಕೊಳ್ಳುವ ಶಕ್ತಿ ದೊಡ್ಡ ಚೀಲಕ್ಕಿದೆ, ಚಿಕ್ಕದಕ್ಕಿಲ್ಲ.

ಹಣದ ಬೆಲೆ ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಹೋಗುತ್ತದೆ ಎಂದು 1738ರಲ್ಲಿ ಡೇನಿಯಲ್ ಬರ್ನೂಲಿ ಬರೆದ. ಕಡುಬಡವನೊಬ್ಬನಿಗೆ ಒಂದು ಲಾಟರಿ ಚೀಟಿ ಸಿಕ್ಕಿದೆ. ಬಂದರೆ 20,000 ಚಿನ್ನದ ನಾಣ್ಯ, ಬಾರದಿದ್ದರೆ ಏನೂ ಇಲ್ಲ, ಎರಡಕ್ಕೂ ಸಮ ಅವಕಾಶ. ಅವನು ಅದನ್ನು 9,000ಕ್ಕೆ ಮಾರಿಬಿಟ್ಟರೆ ದಡ್ಡತನವೇ? ಅಲ್ಲ ಎಂದ ಬರ್ನೂಲಿ. ಸಿರಿವಂತನೊಬ್ಬ ಅದೇ ಬೆಲೆಗೆ ಕೊಳ್ಳುವುದೂ ಜಾಣತನವೇ. ಚೀಟಿ ಒಂದೇ, ಸರಿಯಾದ ತೀರ್ಮಾನ ಎರಡು.

ಸರಿಯಾದ ತೀರ್ಮಾನದಿಂದಲೇ ಜೂಜನ್ನು ಗೆದ್ದವರೂ ಇದ್ದಾರೆ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್, ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟು ಆಟದಲ್ಲಿ ಆಗಲೇ ಬಿದ್ದ ಎಲೆಗಳನ್ನು ನೆನಪಿಟ್ಟರೆ ಕೆಲವು ಗಳಿಗೆಗಳಲ್ಲಿ ಆಟ ಕ್ಯಾಸಿನೊ ಕಡೆಯಿಂದ ಆಟಗಾರನ ಕಡೆಗೆ ವಾಲುತ್ತದೆ ಎಂದು ತೋರಿಸಿದ. ಅವನ ಪುಸ್ತಕ ಬಂದದ್ದು 1962ರಲ್ಲಿ. ಆ ಮೇಲುಗೈ ಬಹಳ ಸಣ್ಣದು, ಎಷ್ಟೋ ಆಟ ಅವನೂ ಸೋಲಬೇಕಿತ್ತು. ಎಷ್ಟು ಪಣ ಒಡ್ಡಬೇಕು ಎಂಬುದಕ್ಕೆ ಅವನು ಬಳಸಿದ್ದು 1956ರಲ್ಲಿ ಜಾನ್ ಕೆಲ್ಲಿ ಪ್ರಕಟಿಸಿದ ಸೂತ್ರ. ಮೇಲುಗೈ ಇದ್ದಷ್ಟೇ ಪಣ, ಮೇಲುಗೈ ಇಲ್ಲದಿದ್ದರೆ ಪಣ ಸೊನ್ನೆ ಎಂದು ಆ ಸೂತ್ರ ಹೇಳುತ್ತದೆ. ಜಾಣ ಜೂಜುಗಾರನ ಕೈಪಿಡಿಯಲ್ಲೂ ಹೆಚ್ಚಿನ ಸಲ ಬರುವ ಉತ್ತರ ಏಳಬೇಕು, ಆಡಬಾರದು ಎಂಬುದೇ.

ಕೌಶಲ ಎಂಬ ಪದ

ಈಗ ನಮ್ಮ ಗೆಳೆಯನ ರಮ್ಮಿಗೆ ಬರೋಣ. ಭಾರತದ ಕಾನೂನು ಬಹಳ ಹಿಂದೆಯೇ ಆಟಗಳನ್ನು ಎರಡು ಸಾಲು ಮಾಡಿತ್ತು. 1867ರ ಸಾರ್ವಜನಿಕ ಜೂಜು ಕಾಯ್ದೆ ಬರೀ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತು. 1957ರಲ್ಲಿ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗೆಲುವು ಬಹುಮಟ್ಟಿಗೆ ಕೌಶಲದ ಮೇಲೆ ನಿಂತ ಸ್ಪರ್ಧೆಗಳು ಜೂಜಲ್ಲ ಎಂಬ ಗೆರೆ ಎಳೆಯಿತು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ರಮ್ಮಿಯ ಸರದಿ ಬಂತು. ಮೂರೆಲೆ ಆಟದಂತೆ ಇದು ಪೂರ್ತಿ ಅದೃಷ್ಟದ್ದಲ್ಲ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಎಸೆಯಬೇಕು ಎಂಬ ಜಾಣ್ಮೆ ಬೇಕು ಎಂದಿತು ನ್ಯಾಯಾಲಯ.

ಮುಂದೆ ರಮ್ಮಿಯ ಪರ ಮಾತನಾಡಿದವರು ಹಿಡಿದು ಎತ್ತಿದ್ದು ಈ ತೀರ್ಪನ್ನೇ. ಅವರು ಅಷ್ಟಾಗಿ ಹೇಳದ ಒಂದು ಮಾತೂ ಅದರಲ್ಲಿದೆ. ಹಣ ಕಟ್ಟಿ ಆಡುವ ಆಟದಿಂದ ಕ್ಲಬ್ಬೋ ಮನೆಯ ಒಡೆಯನೋ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಸಾಬೀತಾಗಬಹುದು ಎಂದು ಅದೇ ತೀರ್ಪು ಹೇಳಿತ್ತು.

ಆ ಮಾತು ಯಾಕೆ ಮುಖ್ಯ? ಉದಾಹರಣೆಗೆ, ಸಮ ಜಾಣ್ಮೆಯ ಇಬ್ಬರು ತಲಾ 100 ರೂಪಾಯಿ ಹಾಕುತ್ತಾರೆ, ಆಡಿಸುವವನು ನೂರಕ್ಕೆ ಹತ್ತರಂತೆ 20 ಇಟ್ಟುಕೊಂಡು ಗೆದ್ದವನಿಗೆ 180 ಕೊಡುತ್ತಾನೆ ಎನ್ನಿ. ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೂ ಸರಾಸರಿ ಪ್ರತಿ ಆಟಕ್ಕೆ ತಲಾ 10 ರೂಪಾಯಿ ಕಳೆದುಕೊಳ್ಳುತ್ತಾರೆ. ಎಲೆ ಎಸೆಯುವ ತೀರ್ಮಾನ ಸರಿ, ಕೂರುವ ತೀರ್ಮಾನವೇ ತಪ್ಪು. ಯುಗಾದಿಯ ದಿನ ಅರಳಿಕಟ್ಟೆಯ ಮೇಲೆ ಅಣ್ಣತಮ್ಮಂದಿರು ಹತ್ತು ರೂಪಾಯಿ ಇಟ್ಟು ಆಡಿದರೆ ಹಣ ಅವರವರಲ್ಲೇ ಸುತ್ತುತ್ತದೆ. ಪ್ರತಿ ಸುತ್ತಿಗೂ ಒಂದು ಪಾಲು ಎತ್ತಿಕೊಳ್ಳುವವನು ಬಂದರೆ, ಅದೇ ಎಲೆ ಅದೇ ನಿಯಮದ ಆಟ ಬೇರೆಯೇ ಆಗಿಬಿಡುತ್ತದೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಮುಂದೆ ಓಡಾಡಿದೆ. 2007ರಲ್ಲಿ ಲಾಟರಿ ನಿಷೇಧವಾಯಿತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲಾಯಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಕೌಶಲ, ಅದೃಷ್ಟಗಳ ಭೇದವೇ ಅಲ್ಲಿ ಮುಖ್ಯ ವಾದವಾಗಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು, ಆ ಭೇದ ನೋಡದೆ, ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ನಿಷೇಧ ಸರಿಯೋ ತಪ್ಪೋ ಎಂಬುದರಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯಗಳಿವೆ. ಆದರೆ 'ಇದು ಕೌಶಲದ ಆಟವೇ' ಎಂಬ ಪ್ರಶ್ನೆಯೂ 'ಇದನ್ನು ನಾನು ಆಡುವುದು ಒಳ್ಳೆಯದೇ' ಎಂಬ ಪ್ರಶ್ನೆಯೂ ಒಂದೇ ಅಲ್ಲ ಎಂಬುದರಲ್ಲಿ ಒಮ್ಮತವಿದೆ. ನಮ್ಮ ಗೆಳೆಯ ಮೊದಲ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಬಳಸಿಕೊಂಡಿದ್ದ.

ನಾವು ಬರೆದ ಸುದ್ದಿ

ಹಾಗಾದರೆ ತೀರ್ಮಾನ ಮುಖ್ಯವೋ, ಸೋಲು ಗೆಲುವೋ? ತೀರ್ಮಾನವೇ ಮುಖ್ಯ ಎಂದು ನಾವು ಒಪ್ಪುತ್ತೇವೆ. ಆದರೆ ಆ ತೀರ್ಮಾನ ಶುರುವಾಗುವುದು ಎಲೆ ಕೈಗೆ ಬಂದ ಮೇಲಲ್ಲ. ಆಟ ಯಾರ ಕಡೆ ವಾಲಿದೆ, ಪಣ ಯಾರ ಹಣ, ಹೋದರೆ ಮನೆಯಲ್ಲಿ ಯಾರು ಉಪವಾಸ ಎಂಬಲ್ಲಿಂದ ಅದು ಶುರುವಾಗುತ್ತದೆ. 'ಸರಿಯಾಗಿ ಆಡಿ ಸೋತೆ' ಎಂಬ ಸಮಾಧಾನ ಈ ಪ್ರಶ್ನೆಗಳನ್ನು ಬಿಟ್ಟುಬಿಡುತ್ತದೆ. ದ್ರೌಪದಿ ಬಿಡಲಿಲ್ಲ.

ಈ ಮಾತನ್ನು ಜೂಜುಗಾರರಿಗಿಂತ ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕಿದೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ, ಟೊಮೆಟೊ ಬೆಳೆದು ಲಕ್ಷಾಧಿಪತಿಯಾದ ರೈತರ ಸುದ್ದಿಯನ್ನು ಪೈಪೋಟಿಗೆ ಬಿದ್ದು ಬರೆದೆವು. ಜಾಣ ರೈತ, ದೂರದೃಷ್ಟಿ ಎಂದೆಲ್ಲ ಹೊಗಳಿದೆವು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಜುಲೈಯ ಸುದ್ದಿ ಓದಿ ಸಸಿ ನೆಟ್ಟವರ ಬಗ್ಗೆ 'ಬೇರೆಯವರನ್ನು ನೋಡಿ ಕೆಟ್ಟರು' ಎಂಬ ಧಾಟಿಯಲ್ಲಿ ಬರೆದೆವು. ಮಳೆ, ಬೆಲೆ, ಬಿತ್ತನೆಯ ಕಾಲ ಎಲ್ಲ ನೋಡಿ ಸರಿಯಾಗಿಯೇ ತೀರ್ಮಾನಿಸಿ ಸೋತ ರೈತ ದಡ್ಡನಲ್ಲ. ಸಾಲ ಮಾಡಿ ನಾಲ್ಕನೇ ಕೊಳವೆಬಾವಿ ಕೊರೆಸಿ ನೀರು ಬಂದವನು ಅದರಿಂದಲೇ ಜಾಣನಾಗುವುದಿಲ್ಲ. ಆ ಭೇದವನ್ನು ಓದುಗರಿಗೆ ತೋರಿಸಬೇಕಾದವರು ನಾವು. ಗೆದ್ದವನ ಫೋಟೊ ಹಾಕಿ ಸುಮ್ಮನಾಗಿದ್ದೆವು.

ಗೆಳೆಯ ಈಗ ಊರಿನಲ್ಲೇ ಇದ್ದಾನೆ, ಸಾಲ ತೀರಿಸುತ್ತಿದ್ದಾನೆ. ಈ ಬರಹದ ಲೆಕ್ಕಗಳನ್ನು ಮೊದಲು ತೋರಿಸಿದ್ದು ಅವನಿಗೇ. ಸ್ವಲ್ಪ ಹೊತ್ತು ನೋಡಿ, 'ಇದನ್ನ ಆವಾಗಲೇ ಯಾರೂ ಬರೀಲಿಲ್ವಲ್ಲ' ಎಂದ. ನಮ್ಮ ಬಳಿ ಉತ್ತರವಿರಲಿಲ್ಲ. ಓಸಿ ಸುದ್ದಿಗಳು ಈಗಲೂ ವಾರಕ್ಕೆರಡು ಬರುತ್ತವೆ. ಇನ್ನು ಮೇಲೆ '1 ರೂಪಾಯಿಗೆ 80' ಎಂದು ಬರೆದಲ್ಲಿ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಬೇಕೆಂದು ಮಾತಾಡಿಕೊಂಡಿದ್ದೇವೆ: ಸಂಖ್ಯೆಗಳು ಇರುವುದು ನೂರು.